ಐವತ್ತೆಂಟು ಮೆಟ್ಟಿಲು

ಮೊದಲ ತಿರುವಿನಲ್ಲಿ ಷೂ ದಾರ ಬಿಗಿಯುತ್ತೇನೆ,
ಅದು ಬಿಚ್ಚಿರುವುದಿಲ್ಲ.
ಎರಡನೆಯದರಲ್ಲಿ ಫೋನು ತೆಗೆದು
ಬಾರದ ಸಂದೇಶ ಓದುತ್ತೇನೆ.
ಮೂರನೆಯದರಲ್ಲಿ ಕಿಟಕಿ.
ಆಚೆಗೆ ಗೋವನ್ನಿನ ಕ್ರೇನು, ಗ್ಲಾಸ್ಗೋದ ಬೂದಿ ಆಕಾಶ,
ನೋಡುವುದಕ್ಕೇನಿಲ್ಲ, ಆದರೂ ನೋಡುತ್ತೇನೆ
ಹಿಂದಿನಿಂದ ಬಂದವರು ಹಾದುಹೋಗುವ ತನಕ.

ಹನ್ನೊಂದು ವರ್ಷ ಹೀಗೆ
ತಿರುವಿಗೊಂದು ಸುಳ್ಳು ಹೊಂದಿಸಿಕೊಂಡು
ಮನೆ ಮುಟ್ಟಿದ್ದೇನೆ.
ಉಬ್ಬಸದ ವಿಷಯ ಕೆಲವರಿಗೆ ಗೊತ್ತು.
ಉಳಿದುದರ ಬಗ್ಗೆ ಯಾರ ಬಳಿಯೂ ಉಸಿರೆತ್ತಿಲ್ಲ.

ಬೆಳಿಗ್ಗೆ ಎದ್ದವಳೇ ಕೊಳವೆಗೆ ಊದಬೇಕು,
ಮುಳ್ಳು ನಿಂತಲ್ಲಿನ ಅಂಕೆ ಬರೆದಿಡಬೇಕು:
ಮುನ್ನೂರ ಹತ್ತು. ಇನ್ನೂರ ಎಂಬತ್ತು. ಮತ್ತೆ ಮುನ್ನೂರು.
ಶಾಲೆಯ ಅಡುಗೆಮನೆಯಲ್ಲಿ ನಾನೂರು ಮಕ್ಕಳಿಗೆ
ಆಲೂಗಡ್ಡೆ ಬೇಯಿಸುವವಳು, ಅಂಕೆಗೆ ಹೆದರುವವಳಲ್ಲ.
ಹೆದರುವುದು ಒಳ್ಳೆಯ ದಿನಗಳಿಗೆ.
ಮುನ್ನೂರ ನಲವತ್ತು, ಎದೆಯಲ್ಲಿ ಸಿಳ್ಳೆಯಿಲ್ಲ,
ಆದರೂ ಹಾಸಿಗೆಯಿಂದ ಕಾಲು ಕೆಳಗಿಳಿಯದು.
ಅಂಕೆ ಅಂಕೆಯಲ್ಲಿದೆ, ನಾನಿಲ್ಲ.
ಅದನ್ನು ಬರೆಯಲು ಪುಸ್ತಕದಲ್ಲಿ ಜಾಗವಿಲ್ಲ.

ರಾತ್ರಿ ಮೂರಕ್ಕೆ ಎಚ್ಚರ.
ಎದೆಯ ಮೇಲೆ ಯಾರೋ ಕೂತಿದ್ದಾರೆ.
ಯಾರು ನೀನು, ಗೂರಲೋ, ಹೆದರಿಕೆಯೋ?
ಇಬ್ಬರೂ ಒಂದೇ ಕೋಟು ತೊಟ್ಟು ಬರುತ್ತಾರೆ,
ಒಂದೇ ಬಾಗಿಲು ತಟ್ಟುತ್ತಾರೆ.
ನೀಲಿ ಪಂಪು ಎರಡು ಸಲ ಒತ್ತುತ್ತೇನೆ.
ಗೂರಲಾದರೆ ಹತ್ತು ನಿಮಿಷದಲ್ಲಿ ಎದ್ದು ಹೋಗುತ್ತದೆ.
ಹೆದರಿಕೆಯಾದರೆ ಆ ಮದ್ದನ್ನೇ ಕುಡಿದು ಕೊಬ್ಬಿ
ಕೈ ನಡುಗಿಸಿ, ಗುಂಡಿಗೆ ಬಡಿದು,
ನೋಡಿದೆಯಾ, ಎನ್ನುತ್ತದೆ.

ಕ್ಲಿನಿಕ್ಕಿನ ಡೆನೀಸ್ ಒಳ್ಳೆಯವಳು.
ಪಂಪು ಹಿಡಿದು ತೋರಿಸು ಎಂದಳು, ತೋರಿಸಿದೆ.
ಉಸಿರು ಹಿಡಿದು ಹತ್ತು ಎಣಿಸು ಎಂದಳು, ಎಣಿಸಿದೆ.
ಮತ್ತೇನಾದರೂ? ಎಂದು ಕೇಳುವಾಗ
ಅವಳ ಕೈ ಬಾಗಿಲ ಹಿಡಿಯ ಮೇಲಿತ್ತು.
ಏನಿಲ್ಲ, ಎಂದೆ.

ನಗುವುದನ್ನು ಬಿಟ್ಟದ್ದು ಯಾವಾಗ ನೆನಪಿಲ್ಲ.
ನಕ್ಕರೆ ಕೆಮ್ಮು, ಕೆಮ್ಮಿದರೆ ಎಲ್ಲರ ಮುಖ ನನ್ನ ಕಡೆ.
ಅದಕ್ಕೇ ಅಕ್ಕನ ಮಗನ ಮದುವೆಯಲ್ಲಿ
ತಮಾಷೆಗೆಲ್ಲ ತುಟಿ ಅಗಲಿಸಿ ಹಲ್ಲಷ್ಟೇ ತೋರಿಸಿದೆ.
ಇಷ್‌ಬೆಲ್‌ಗೆ ಈಗ ಜಂಬ, ಎಂದರಂತೆ.

ಜನವರಿಯ ಒಂದು ಸೋಮವಾರ
ಎರಡನೆಯ ತಿರುವಿನಲ್ಲಿ ಕುರ್ಚಿ.
ಯಾರದೋ ಊಟದ ಮೇಜಿನದು, ಹಳೆಯದು,
ಗಿಡ್ಡ ಕಾಲಿನ ಅಡಿಗೆ ಮಡಿಸಿದ ರಟ್ಟು.
ಚೀಟಿಯಿಲ್ಲ. ಹೆಸರಿಲ್ಲ.
ಮೈಯೆಲ್ಲ ಉರಿಯಿತು.
ಯಾರಿಗೆ ಗೊತ್ತಾಯಿತು? ಎಷ್ಟು ದಿನದಿಂದ ಗೊತ್ತಿತ್ತು?
ಮೂರು ದಿನ ಅದರ ಮುಂದೆಯೇ ನಿಂತು
ಫೋನು ಓದಿದೆ, ಹಟಕ್ಕೆ.

ನಾಲ್ಕನೆಯ ರಾತ್ರಿ ಕಸದ ಚೀಲ ಹಿಡಿದು ಇಳಿದರೆ
ಕುರ್ಚಿಯಲ್ಲಿ ಮೇಲ್ಮನೆಯ ರೂರಿ.
ದಿನವೂ ಕ್ಲೈಡ್ ದಂಡೆಯುದ್ದ ಓಡುವ ಹುಡುಗ,
ಎರಡೆರಡು ಮೆಟ್ಟಿಲು ಹಾರಿ ಹತ್ತುವವನು.
ಮೊಣಕಾಲ ನಡುವೆ ತಲೆ.
ಅವನ ಬೆನ್ನು ಏರಿಳಿಯುವ ಬಗೆ
ನನಗೆ ಒಳಗಿನಿಂದ ಗೊತ್ತಿರುವ ಬಗೆ.
“ಉಬ್ಬಸವಾ?”
“ಅಲ್ಲ. ಶ್ವಾಸಕೋಶ ಸರಿಯಿದೆಯಂತೆ.
ಎಲ್ಲ ಸರಿಯಿದೆಯಂತೆ.”
“ಕುರ್ಚಿ ಇಟ್ಟದ್ದು ನೀನಾ?”
“ನಿಮ್ಮದು ಅಂದುಕೊಂಡಿದ್ದೆ.”

ಚೀಲ ಇಳಿಸಿ ಮೆಟ್ಟಿಲ ಮೇಲೆ ಕೂತೆ. ಕಲ್ಲು ಕೊರೆಯುತ್ತಿತ್ತು.
ಮೂಗಿನಿಂದ ಒಳಕ್ಕೆ ಎಂದೆ,
ತುಟಿ ಕಿರಿದು ಮಾಡಿ ಹೊರಕ್ಕೆ,
ಚಮಚದ ಸೂಪು ಆರಿಸುವ ಹಾಗೆ, ಅವಸರವಿಲ್ಲದೆ.
ಇಬ್ಬರೂ ಆರಿಸಿದೆವು.
ದೀಪ ತಾನಾಗಿ ಆರಿತು, ಯಾರೂ ಏಳಲಿಲ್ಲ.

ಕತ್ತಲಲ್ಲಿ ಅವನ ದನಿ:
“ಚೀಲದಲ್ಲಿ ಯಾರ ಹೆಣ?”
“ಮೀನು. ಸೋಮವಾರದ್ದು.”
ನಗು ಬಂತು. ಬೆನ್ನಿಗೇ ಕೆಮ್ಮು,
ನಾಲ್ಕೂ ಮಹಡಿಗೆ ಕೇಳುವಂಥದು.
ಅವನು ಎದ್ದು ಕುರ್ಚಿ ಬಿಟ್ಟುಕೊಟ್ಟ.

ಕೂತೆ.
ರಟ್ಟಿದ್ದರೂ ಸ್ವಲ್ಪ ಕುಂಟುತ್ತದೆ.