ಒಂಬತ್ತು ಚುಕ್ಕಿ

ಹೊಸ ಫೋನ್ ಕೊಂಡವರಿಗೆ ನಾ ಮೊದಲು ಹೇಳೂದು:
ಬೀಗದ ಗೆರಿ ಎಲ್ಲ್ಯಾರ ಬರದಿಡ್ರಿ.
ಹೂಂ ಅಂತಾರ. ಯಾರೂ ಬರಿಯೂದಿಲ್ಲ.
ಬನಶಂಕ್ರೆವ್ವನೂ ಬರೆದಿರಲಿಲ್ಲ.

ಮಂಗಳವಾರ. ಗುಳೇದಗುಡ್ಡಕ್ಕ ಕರೆಂಟು ಆಗಷ್ಟ ಬಂದಿತ್ತು.
ಹನ್ನೊಂದರ ಬಿಸಿಲು ಕೌಂಟರಿನ ಗಾಜಿನ ಅರ್ಧಕ್ಕ ಬಂದು
ಗಿರಾಕಿಯಂಗ ಕುಂತಿತ್ತು.
ಸೆರಗಿನ ಗಂಟು ಬಿಚ್ಚಿ ಫೋನ್ ಇಟ್ಟಳು,
ಅದರ ಜೋಡಿ ಎರಡು ಯಾಲಕ್ಕಿ, ಒಂದು ಖಾಲಿ ಕಂಡಿಕಿ.
"ದಸ್ತಗೀರ, ಇದು ನನ್ನ ಮರತೈತಿ ನೋಡು."

ಮೊಮ್ಮಗಳು ಹೇಳಿದ್ಲಂತ ಹೋದ ವಾರ:
ಅಜ್ಜಿ, ನಿನ್ನ ಗೆರಿ ಎಲ್ ಅಕ್ಷರ, ಕಳ್ಳಗ ಬಾಯಿಪಾಠ.
ಹಳೇದು ತಗದು ಹೊಸಾದು ಇಟ್ಲಂತ, ಯಾರಿಗೂ ತೋರಸದ.
ಆರು ದಿನ ತೆರೀತು.
ಇವತ್ತ ಮುಂಜಾನೆ ಸೊಸಿ, ಹ್ಯಾಂಗ ತಗೀತೀರಿ ಅತ್ತಿ, ಅಂತ ಕೇಳಿದ್ಲು.
ಕೇಳಿದ ಕೂಡ್ಲೆ ಹೋತು.

ಹುಡುಗಿ ಅಂದದ್ದು ಖರೇ.
ನನ್ನ ಟೇಬಲ್ಲಿಗೆ ಬರೋ ಹತ್ತು ಫೋನಿನ್ಯಾಗ ನಾಕಕ್ಕ
ಎಲ್ಲು, ಝಡ್ಡು, ಇಲ್ಲಾ ಹೆಂಡತಿ ಹೆಸರಿನ ಮೊದಲ ಅಕ್ಷರ.
ಹುಟ್ಟಿದ ತಾರೀಖನ್ನ
ಫೋನಿಗೂ ಬ್ಯಾಂಕಿಗೂ ಸೂಟ್‌ಕೇಸಿಗೂ ಇಟ್ಟವರು ಅದಾರ.
ಒಂದು ಕೀಲಿ ಬಿದ್ರ ಮನೀನ ಬಿತ್ತು.

ಗೆರಿ ಎಳದಳು. ತಪ್ಪು.
ಮತ್ತ ಎಳದಳು.
ಐದಕ್ಕ ಫೋನ್ ಮುಖ ತಿರುವಿತು:
ಮೂವತ್ತು ಸೆಕೆಂಡು ತಡೀರಿ.

ಆ ಮೂವತ್ತರಾಗ ಕೇಳೂದೆಲ್ಲ ಕೇಳಿದೆ.
ಗೂಗಲ್ ಖಾತೆ ಪಾಸ್‌ವರ್ಡ್ ನೆನಪೈತೇನ್ರಿ?
ಅದನ್ನ ಅಂಗಡಿ ಹುಡುಗ ಮಾಡಿದ್ದ, ಅವ ಈಗ ಹುನಗುಂದದಾಗ.
ಫೋಟೊ ಬ್ಯಾಕಪ್ ಆಗ್ಯಾವೇನು?
ಹಂಗಂದ್ರ?
ಪೂರಾ ಅಳಿಸಿ ತಗೀಬಹುದು,
ಆದರ ಅಳಿಸಿದ ಮ್ಯಾಲೂ ಅದು ಅದ ಖಾತೆ ಕೇಳ್ತೈತಿ,
ಹೋದದ್ದು ಬರೂದಿಲ್ಲ.
"ಅಂಥಾದ್ದೇನೈತಿ ಅದರಾಗ?"
"ಖಣ," ಅಂದ್ಲು.
"ನೇಯ್ದ ಒಂದೊಂದು ಖಣದ ಫೋಟೊ.
ಸೇಠ ಒಯ್ದ ಮ್ಯಾಲ ನನ್ನ ಹತ್ರ ಮತ್ತೇನು ಉಳಿತೈತಿ?"

ಮತ್ತ ತಪ್ಪು. ಮತ್ತ ಮೂವತ್ತು.

ಬೇಸತ್ತು ಫೋನನ್ನ ನನ್ನ ಕಡೆ ಸರಿಸಿದ್ಲು.
ಗಾಜು ಬಿಸಿಲಿಗೆ ವಾರೆ ಆತು.
ಈಗಿನ ತಪ್ಪುಗಳ ಬುಡಕ್ಕ
ಆರು ದಿನದ ಜಿಡ್ಡಿನ ಹಾದಿ,
ಶೇಂಗಾ ಚಟ್ನಿಯದೋ, ಮಗ್ಗದ ಎಣ್ಣೀದೋ,
ಬೆರಳು ನಡದು ನಡದು ಹೊಲದ ಕಾಲ್ದಾರಿ ಆದಂಗ.
ಮ್ಯಾಲಿನ ಸಾಲಿನ ನಡು ಚುಕ್ಕಿಯಿಂದ ಹೊರಟು...
ಇಲ್ಲ, ನಿಮಗ್ಯಾಕ ಹೇಳ್ಲಿ.

ತಗೀಬಹುದಿತ್ತು. ಎರಡು ಸೆಕೆಂಡು.
ಎರಡು ನೂರು ರೂಪಾಯಿ ಬಿಲ್ಲು.
ಹದಿನಾಲ್ಕು ವರ್ಷ ಮಂದಿ ಫೋನು ಬಿಚ್ಚಿದ ಕೈ ಇದು,
ಕಂಡದ್ದನ್ನ ಕಾಣದಂಗ ಇರೂದ ಅರ್ಧ ಕಸುಬು.
ಹತ್ತಿ ಬಟ್ಟಿ ತಗೊಂಡು ಗಾಜು ಒರಸಿಬಿಟ್ಟೆ.
ನೀವೂ ದಿನಾ ಒರಸ್ರಿ. ಬೆರಳಿಗೆ ಬಾಯಿ ಇರ್ತೈತಿ.

ಒರಸಿದ ಮ್ಯಾಲ ಎದಿ ಧಸಕ್ ಅಂತು.

"ಅವ್ವಾ, ಅದನ್ನ ಬಿಡ್ರಿ. ಮಗ್ಗದ ಮ್ಯಾಲ ಈಗ ಏನೈತಿ?"
"ಸೂಜಿಮಲ್ಲಿಗಿ," ಅಂದ್ಲು. "ಕೆಂಪು ಹಾಸು."
"ಹ್ಯಾಂಗ ನೇಯ್ತೀರಿ ಹೂವು?"
ಬಾಯಿಲೆ ಹೇಳಾಕ ಹೋಗಿ ತಡದಳು.
ಕೌಂಟರಿನ ಕೆಳಗ ಬಲಗಾಲು ಒಮ್ಮಿ ಒತ್ತಿತು,
ಕುಣಿಯೊಳಗಿನ ಪಾವಟಿಗಿ ಅಲ್ಲೇ ಇದ್ದಂಗ.
ಆ ಕಾಲಿನ ಹಿಂದ ಕೈ ಎದ್ದು ಹೋತು.
ನಾನು ಗ್ವಾಡಿ ಮ್ಯಾಲಿನ ಚಾರ್ಜರ್ ವಯರ್ ಎಣಿಸ್ತಿದ್ದೆ.

ಟಕ್.

ಎರಡು ಸಾವಿರದ ಮುನ್ನೂರು ಖಣ.
ಅದರ ಮ್ಯಾಲ ಒಂದು ಸಣ್ಣ ಸಾಲು:
ನಿಮ್ಮ ಫೋನಿನಲ್ಲಿ ಜಾಗ ಉಳಿದಿಲ್ಲ.
ಮಧ್ಯಾಹ್ನದ ತನ ಕುಂದ್ರಿಸಿ ಹೊಸ ಖಾತೆ ತಗದೆ,
ಶುಭೋದಯದ ಗುಲಾಬಿ ಎಲ್ಲ ಕಿತ್ತು ಚೆಲ್ಲಿ
ಖಣ ಅಷ್ಟೂ ಮ್ಯಾಲಕ್ಕ ಏರಿಸಿದೆ.
ಪಾಸ್‌ವರ್ಡನ್ನ ಆಕಿ ಪಂಚಾಂಗದ ಹಿಂದ ಬರಕೊಂಡ್ಲು,
ನನಗ ಬೆನ್ನು ತಿರಗಿಸಿ.

"ಎಷ್ಟಪಾ?"
"ಬೀಗ ನೀವ ತಗದ್ರಿ."
ಒಂದು ಯಾಲಕ್ಕಿ ಇಟ್ಟು ಹೋದ್ಲು.

ರಾತ್ರಿ ಶಟರ್ ಇಳಿಸಿ ನನ್ನ ಫೋನ್ ಎತ್ತಿದೆ.
ಬೆರಳು ತಾನ ಹೋತು: ಕೆಳಗ, ಕೆಳಗ,
ಆಮ್ಯಾಲ ಬಲಕ್ಕ.