ಆರು, ಐದು

ಸ್ವಾನ್ಸಿಯ ಏರುಬೀದಿಯಲ್ಲಿ
ಹೆಗಲಿಗೆ ಹೆಗಲು ತಾಗಿಸಿ ನಿಂತ ಮನೆಗಳ ಸಾಲು.
ನಮ್ಮದು ಹದಿನೇಳನೆಯದು.
ಬಚ್ಚಲ ಸೂರು ಗಿಡ್ಡ, ನನ್ನವನು ಕೈಯೆತ್ತಿದರೆ
ಬೆರಳ ತುದಿಗೆ ಬಣ್ಣ ಹತ್ತುತ್ತದೆ.

ಹಳೆಯ ದೀಪ ಬಿಚ್ಚಿದಾಗ ಅದರ ಗಾಜಿನ ಬಟ್ಟಲಲ್ಲಿ
ಅರ್ಧ ಚಮಚ ನೀರು,
ಎರಡು ನುಸಿ, ಒಂದು ಜೇಡ.
ಅಷ್ಟು ವರ್ಷ ಯಾರೋ ಅದರಡಿ ಹಾಡಿಕೊಂಡು ಮಿಂದಿದ್ದರು.

ನಾನು ಕೊಂಡಿಟ್ಟದ್ದು ಬೇರೆ:
ಮಂಬಲ್ಸ್‌ನ ಹಳೇ ಸಾಮಾನಿನಂಗಡಿಯಲ್ಲಿ ಹನ್ನೆರಡು ಪೌಂಡಿಗೆ
ಹಿತ್ತಾಳೆಯ ತೂಗುದೀಪ, ದಾಳಿಂಬೆ ಹೂವಿನಂಥ ಬಾಯಿ.
ತೊಟ್ಟಿಯ ನೆತ್ತಿಗೇ ತೂಗಬೇಕು,
ಒರಗಿ ಮೀಯುವಾಗ ಕಣ್ಣಿಗೆ ಬೀಳಬೇಕು, ಅದು ನನ್ನ ಲೆಕ್ಕ.

ಗ್ಲೆನಿಸ್ ಪ್ರಾಬರ್ಟ್ ಬಂದಳು. ಅರವತ್ತರ ಹತ್ತಿರ,
ಕಿವಿಯ ಹಿಂದೆ ಪೆನ್ಸಿಲು.
ದೀಪವನ್ನು ತಿರುಗಿಸಿ ನೋಡಿ "ಚೆಂದ" ಅಂದಳು.
"ಮೆಟ್ಟಿಲ ಮೇಲೆ ಹಾಕೋಣ."

ಆಮೇಲೆ ಟೇಪು ಎಳೆದು ಗಾಳಿಯಲ್ಲೇ ಕೋಣೆ ಕಟ್ಟಿದಳು:
ತೊಟ್ಟಿಯ ಒಳಗು ಸೊನ್ನೆ.
ಅದರ ಮೇಲೆ, ನೆಲದಿಂದ ಎರಡೂಕಾಲು ಮೀಟರಿನವರೆಗೆ, ಒಂದು.
ಅಂಚಿನಾಚೆ ಅರವತ್ತು ಸೆಂಟಿಮೀಟರು, ಎರಡು.
"ನಿಮ್ಮ ಸೂರು ಇರುವುದೇ ಎರಡು ಮೀಟರ್ ಹನ್ನೊಂದು.
ಅಂದರೆ ಸೂರೂ ನೀರಿನ ಸೀಮೆಯೊಳಗೇ."

ಮಡಿಯ ಗೆರೆ ದಾಟಿ ದಾಟಿಯೇ ಬೆಳೆದವಳು ನಾನು.
ಕಾಣದ ಗೆರೆಯೆಂದರೆ ಹಲ್ಲು ಕಡಿಯುತ್ತೇನೆ.
ಆದರೆ ಈ ಗೆರೆ ಕುಲ ಕೇಳುವುದಿಲ್ಲ,
ಮೈ ಒದ್ದೆಯಾದವರೆಲ್ಲ ಅದಕ್ಕೆ ಒಂದೇ.
ಅಜ್ಜಿಯ ಬಚ್ಚಲಲ್ಲಿ ಬೆಂಕಿ
ಹಂಡೆಯ ಕಾಲಬುಡದಲ್ಲೇ ಕೂತಿರುತ್ತಿತ್ತಲ್ಲ ಅಂದುಕೊಂಡೆ.
ಅದು ಹೊಗೆಯಾಡಿ, ಚಟಪಟ ಅಂದು, ಕಣ್ಣುರಿಸಿ
ತಾನಿದ್ದೇನೆಂದು ಹೇಳುತ್ತಿತ್ತು.
ತಂತಿಯೊಳಗಿನದು ಕೆಮ್ಮುವುದೂ ಇಲ್ಲ.

ಹೊಸ ಡಬ್ಬದ ಮೇಲಿನ ಅಂಕಿ ಓದಿದೆ: ಅರವತ್ತೈದು.
"ಅಲ್ಲ. ಆರು. ಐದು. ಬಿಡಿಸಿ ಓದು.
ಆರು ಧೂಳಿಗೆ, ಕಣವೂ ಹೊಗಲಾರದು.
ಐದು ನೀರಿಗೆ, ಚಿಮ್ಮಿ ಹೊಡೆದರೂ."
ನೀರು ಅನ್ನುವಾಗ ಹೆಬ್ಬೆರಳ ಬುಡದ
ಬಿಳಿ ಕಲೆಯನ್ನು ಉಜ್ಜಿಕೊಂಡಳು.
ನಾನು ಕೇಳಲಿಲ್ಲ.

ಗೋಡೆಯ ಮೇಲೆ ಅವಳ ಪೆನ್ಸಿಲ್ ಗೀಟು ಹಾಗೇ ಇದೆ.
ಹಂಸಿನಿ ಅದರ ಈಚೆಗೊಂದು ಆಚೆಗೊಂದು ಕಾಲಿಟ್ಟು
"ಈಗ ನಾನು ಒಂದೋ ಎರಡೋ?" ಎನ್ನುತ್ತಾಳೆ.
ಕಾಫಿ ಕುಡಿಯದ ಅವಳಪ್ಪನ ಸುತ್ತ
ಬೆಳಿಗ್ಗೆ ಅರವತ್ತು ಸೆಂಟಿಮೀಟರು ಬಿಟ್ಟೇ ನಡೆಯುತ್ತೇವೆ.

ದಾಳಿಂಬೆ ಹೂವು ಮೆಟ್ಟಿಲ ಮೇಲೆ ಒಣಗಿ, ಹೊಳೆಯುತ್ತ.
ಬಚ್ಚಲ ಸೂರಿಗೆ ಅಂಟಿಕೊಂಡಿರುವುದು
ಒಂದು ಇಡ್ಲಿ. ತೂಗುವುದಿಲ್ಲ, ಬಳುಕುವುದಿಲ್ಲ,
ಬಾಗಿಲ ಬಳಿಯ ದಾರ ಎಳೆದರೆ ಟಕ್ಕೆಂದು ಬೆಳಗುತ್ತದೆ, ಅಷ್ಟೆ.

ಒರಗಿ ಮೀಯುವಾಗ ಈಗ ನೋಡುವುದು ಅದನ್ನೇ:
ಹಬೆ ಮೇಲೇರಿ ಅದರ ಅಂಚನ್ನು ಸುತ್ತಲೂ ತಡವುತ್ತದೆ,
ಬಾಯಿ ಹುಡುಕುತ್ತದೆ,
ಎಲ್ಲೂ ಸಿಗದೆ
ಹನಿಯಾಗಿ ನನ್ನ ಹಣೆಗೇ ಮರಳುತ್ತದೆ,
ತಣ್ಣಗೆ.