ಕೆಳಗಿನ ಟ್ರೇ

ಲಕೋಟೆ ಒಡೆಯುವುದು ನನ್ನ ಕೆಲಸ.
ವಾಲ್ಸಾಲ್ ಊರಿನಲ್ಲಿ, ಜೂಜಿನಂಗಡಿಯ ಮೇಲೆ
ಎಂಪಿ ಸಾಹೇಬರ ಕಚೇರಿ.
ಒಂದು ಕೆಟಲು, ಒಂದು ಹೀಟರು, ಎರಡು ಟ್ರೇ:
ಮೇಲಿನದು, ಕೆಳಗಿನದು.
ಯಾವುದರ ಮೇಲೂ ಏನೂ ಬರೆದಿಲ್ಲ.
ಸೇರಿದ ಮೊದಲ ವಾರವೇ ಕೈ ತಾನಾಗಿ ಕಲಿತುಬಿಟ್ಟಿತು,
ರೊಟ್ಟಿ ಬಡಿಯುವ ಕೈ ಹಿಟ್ಟಿನ ಹದ ಕಲಿತ ಹಾಗೆ.

ಮೇಲಿನದಕ್ಕೆ ದಪ್ಪ ಕಾಗದ,
‘ಹೋದ ಬೇಸಿಗೆ ಕ್ರಿಕೆಟ್ ಕ್ಲಬ್ಬಿನಲ್ಲಿ ಭೇಟಿಯಾಗಿದ್ದೆವು’
ಎಂದು ಶುರುವಾಗುವಂಥದ್ದು.
ಕೆಳಗಿನದಕ್ಕೆ ಗೆರೆಹಾಳೆ, ಪೆನ್ಸಿಲು,
ನಾಲಿಗೆ ಹೊರಳದ ಹೆಸರು.

ನನ್ನ ಹೆಸರು ನೀಲವ್ವ.
ಉತ್ತರದ ಕೊನೆಯ ಸಾಲಿಗೆ ಅದು ಹೊಂದುವುದಿಲ್ಲವಂತೆ.
‘ನೆಲ್ ಅಂತ ಹಾಕು, ಸಲೀಸು’ ಅಂದರು.
ಹಾಕಿದೆ. ಒಂದೇ ಏಟಿಗೆ
ಹೆಸರಿನಿಂದ ಅವ್ವ ಹೋದಳು.
ಸಂಬಳ ಮಾತ್ರ ಪೂರ್ತಿ ಹೆಸರಿಗೇ ಬರುತ್ತದೆ.

ಜೂನ್ ತಿಂಗಳ ಒಂದೇ ಅಂಚೆಗೆ ಎರಡು ಪತ್ರ.
ಅಲಿಸ್ಟೇರ್ ಫೆನ್ವಿಕ್ ಬರೆದದ್ದು:
ರಸ್ತೆ ಬದಿಯ ಮರ ನನ್ನ ಕಾರಿನ ಮೇಲೆ ಅಂಟು ಸುರಿಸುತ್ತಿದೆ.
ಐವಿಲಿನ್ ಡೇಕ್ರಸ್ ಬರೆದದ್ದು:
ಒಂಬತ್ತನೇ ಮಹಡಿ. ಮಲಗುವ ಗೋಡೆಗೆ ಕಪ್ಪು ಬೂಷ್ಟು.
ರಾತ್ರಿ ಮೊಮ್ಮಗನಿಗೆ ಉಸಿರು ಸಿಗುವುದಿಲ್ಲ.

ಮರಕ್ಕೆ ಎರಡೇ ದಿನದಲ್ಲಿ ಉತ್ತರ ಹೋಯಿತು,
ಸಾಹೇಬರದೇ ನೀಲಿ ಶಾಯಿ,
ಕೆಳಗೆ ‘ಮನೆಯವರಿಗೂ ತಿಳಿಸಿ.’
ಉಸಿರಿಗೆ ಏಳನೇ ವಾರ, ಮಾದರಿ ನಾಲ್ಕು:
‘ತಮ್ಮ ಕಳಕಳಿಯನ್ನು ಗಂಭೀರವಾಗಿ ಪರಿಗಣಿಸಲಾಗಿದೆ.
ವಿಷಯ ಕೌನ್ಸಿಲ್ಲಿಗೆ ಸೇರಿದ್ದು.’
ಮರವೂ ಕೌನ್ಸಿಲ್ಲಿಗೇ ಸೇರಿದ್ದು.
ಡೇಕ್ರಸ್ ಎಂಬಲ್ಲಿ ಒಂದಕ್ಷರ ತಪ್ಪಿತ್ತು.
ಟೈಪು ಮಾಡಿದವಳು ನಾನು.

ಸಾಹೇಬರು ಕೆಟ್ಟವರು ಅನ್ನಲಾರೆ.
ನನ್ನ ಮಗಳ ಆಪರೇಷನ್ನಿಗೆ ಹೂ ಕಳಿಸಿದವರು.
ಆದರೆ ಮೇಜಿನ ಖಾನೆಯಲ್ಲೊಂದು ಪಟ್ಟಿಯಿದೆ,
ಯಾವ ಬೀದಿ ಮತಗಟ್ಟೆಗೆ ಬಂತು, ಯಾವುದು ಬರಲಿಲ್ಲ.
ಐವಿಲಿನ್ ಇರುವ ಟವರು: ನೂರಕ್ಕೆ ಹತ್ತೊಂಬತ್ತು.
ಗೊಡ್ಡೆಮ್ಮೆಗೆ ಹಿಂಡಿ ಯಾಕೆ ಎಂದು
ಇಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.
ಆದ್ಯತೆ ಅನ್ನುತ್ತಾರೆ.

ಶುಕ್ರವಾರದ ಭೇಟಿಗೆ ಆಕೆಯೇ ಬಂದಳು.
ಲಿಫ್ಟು ಕೆಟ್ಟಿತ್ತು.
‘ನೂರ ಅರವತ್ತೆರಡು ಮೆಟ್ಟಿಲು’ ಅಂದಳು,
ದೂರಲ್ಲ, ಸುಮ್ಮನೆ ಲೆಕ್ಕ.
ಮೂವತ್ತೊಂದು ವರ್ಷ ಕುದುರೆಯ ಜೀನು ಹೊಲಿದ ಕೈ.
ಹೆಬ್ಬೆರಳು ಈಗಲೂ ದಾರ ಜಗ್ಗುವ ಹಾಗೇ ಬಾಗಿದೆ.
ಸಾಹೇಬರು ಎದ್ದು ಕುರ್ಚಿ ಎಳೆದರು,
ಎರಡೂ ಕೈ ಹಿಡಿದುಕೊಂಡರು,
ತಮ್ಮಜ್ಜನೂ ಚರ್ಮದ ಕಾರ್ಖಾನೆಯವನೇ ಅಂದರು.
ನನಗೆ ಗೊತ್ತು: ಅಜ್ಜ ಮಾಲೀಕ.

‘ನಿಮ್ಮ ಬಿಲ್ಡಿಂಗಿನವರು ಓಟು ಹಾಕಿದರೆ
ನನ್ನ ಮಾತಿಗೂ ತೂಕ ಬರುತ್ತೆ’ ಅಂದರು, ನಗುತ್ತಲೇ.
ಆಕೆ ಚೀಲದಿಂದ ಒಂದು ಕಟ್ಟು ತೆಗೆದಳು:
ರಬ್ಬರ್ ಬ್ಯಾಂಡು ಸುತ್ತಿದ ಓಟಿನ ಕಾರ್ಡುಗಳು,
ಎಪ್ಪತ್ತನಾಲ್ಕರಿಂದ ಮೊನ್ನೆಯವರೆಗೆ, ಒಂದೂ ತಪ್ಪಿಲ್ಲ.
‘ನಾನು ಹಾಕಿದ್ದೀನಲ್ಲ.
ಹಾಕಿ ಏನು ಬಂತು ಅಂತ ಪಕ್ಕದ ಮನೆಯವಳು ಕೇಳ್ತಾಳೆ.
ನಿಮ್ಮ ಪತ್ರ ತೋರಿಸ್ತೀನಿ.
ಅವನ್ನ ಗೋಡೆಗೆ ಅಂಟಿಸಿದ್ದೀನಿ, ನಿಮ್ಮದೂ,
ನಿಮಗಿಂತ ಮುಂಚಿನವರದೂ.
ಕಾಗದ ಒಳ್ಳೇದು. ತೇವ ಹೀರುತ್ತೆ.’

ಸಾಹೇಬರು ನಕ್ಕರು.
ಆಕೆ ನಗಲಿಲ್ಲವೆಂದು ತಿಳಿದು ನಿಲ್ಲಿಸಿದರು.

ಹೊರಡುವಾಗ ನನ್ನ ಬ್ಯಾಡ್ಜಿನತ್ತ ಬಾಗಿ
‘ನೆಲ್? ಹೆತ್ತಮ್ಮ ಇಟ್ಟ ಹೆಸರು ಇದೇನಾ?’
ಕೆಟಲು ಕುದಿಯುತ್ತಿತ್ತು.
ಕೇಳಿಸದವಳ ಹಾಗೆ ನಿಂತೆ.

ಆ ಸಂಜೆ ಆಕೆಯ ಗೆರೆಹಾಳೆಯನ್ನು
ಮೇಲಿನ ಟ್ರೇಯಲ್ಲಿಟ್ಟು ಮನೆಗೆ ಹೋದೆ.
ಸೋಮವಾರ ಅದು ಕೆಳಗಿತ್ತು.
ಯಾರೂ ಏನೂ ಅನ್ನಲಿಲ್ಲ. ಮತ್ತೆ ಮೇಲಿಟ್ಟೆ.
ಮಂಗಳವಾರ ಬಸ್ಸಿನ ಕಿಟಕಿಯಿಂದ ಕಂಡೆ:
ಫೆನ್ವಿಕ್ಕರ ಬೀದಿಯಲ್ಲಿ ಏಣಿ, ಗರಗಸ, ಹಳದಿ ಹೆಲ್ಮೆಟ್ಟಿನ ಇಬ್ಬರು;
ಕತ್ತರಿಸಿದ ಕೊಂಬೆ ಬೀಳದಂತೆ
ಹಗ್ಗ ಕಟ್ಟಿ, ಮೆಲ್ಲಗೆ, ಕೂಸನ್ನು ಇಳಿಸುವಂತೆ ಇಳಿಸುತ್ತಿದ್ದರು.

ಇವತ್ತು ಬುಧವಾರ.
ಟ್ರೇ ಕಡೆ ಇನ್ನೂ ನೋಡಿಲ್ಲ.
ಕೋಟಿನ ಗುಂಡಿ ಬಿಚ್ಚುತ್ತಿದ್ದೇನೆ.